ಕಿಡ್ನಿ ರೋಗಿಯ ಹೃದಯವನ್ನೂ ನೋಡಿಸೋಣ



ಕಾಲಿನಲ್ಲಿ ಬಾವು ಕಂಡರೆ ದಿನವಿಡೀ ತೋಟದಲ್ಲಿ ನಿಂತದ್ದರಿಂದ ಎನ್ನುತ್ತೇವೆ. ಗುಡ್ಡ ಹತ್ತುವಾಗ ಏದುಸಿರು ಬಂದರೆ ಪ್ರಾಯವಾಯಿತು ಎನ್ನುತ್ತೇವೆ. ಕೊನೆಗೆ ಮಂಗಳೂರಿಗೋ ಕಾಸರಗೋಡಿಗೋ ಹೋದಾಗ ಕೆಲವರಿಗೆ ಹೃದಯದ ಕಾಯಿಲೆ, ಕೆಲವರಿಗೆ ಮೂತ್ರಪಿಂಡದ ಕಾಯಿಲೆ ಎಂದು ತಿಳಿಯುತ್ತದೆ. ಅಲ್ಲಿಂದ ಮುಂದೆ ಮನೆಯವರ ಗಮನವೆಲ್ಲ ಆ ಒಂದೇ ಅಂಗದ ಮೇಲೆ. ಇದು ಸರಿಯಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ಹೃದಯವನ್ನೂ, ಹೃದ್ರೋಗಿಗಳು ಮೂತ್ರಪಿಂಡವನ್ನೂ ಪರೀಕ್ಷಿಸಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ತೋಟದ ಪಂಪು ಮತ್ತು ಡ್ರಿಪ್ಪಿನ ಫಿಲ್ಟರನ್ನು ನೆನೆಯಿರಿ. ಫಿಲ್ಟರ್ ಕಟ್ಟಿದರೆ ಪಂಪಿಗೆ ಹೊರೆ. ಪಂಪು ಸೋತರೆ ಫಿಲ್ಟರಿಗೆ ನೀರು ಸಾಲದು. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ಅದರಲ್ಲಿ ಸುಮಾರು ಐದನೇ ಒಂದು ಪಾಲು ಮೂತ್ರಪಿಂಡಗಳಿಗೇ ಹೋಗುತ್ತದೆ. ಹೃದಯ ದುರ್ಬಲವಾದರೆ ಈ ಪಾಲು ತಗ್ಗುತ್ತದೆ. ಮುಂದೆ ಸಾಗದ ರಕ್ತ ಹಿಂದೆ ಒತ್ತಿ ನಿಂತು ಮೂತ್ರಪಿಂಡವನ್ನು ಮತ್ತಷ್ಟು ಕೆಡಿಸುತ್ತದೆ. ಆಗ ಮೂತ್ರಪಿಂಡ ಉಪ್ಪು, ನೀರನ್ನು ಮೈಯಲ್ಲೇ ಹಿಡಿದಿಡುತ್ತದೆ. ಬಾವು ಬರುತ್ತದೆ, ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಪುನಃ ಹೊರೆ.

ಅಮೆರಿಕದಲ್ಲಿ 2003ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ದೀರ್ಘಕಾಲದ ಮೂತ್ರಪಿಂಡ ರೋಗವಿದ್ದ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಗಮನಿಸಲಾಯಿತು. ಎಕೋ ಪರೀಕ್ಷೆಯಲ್ಲಿ ಹೃದಯದ ಸ್ನಾಯು ದಪ್ಪಗಟ್ಟಿದ್ದವರಿಗೆ, ರಕ್ತ ತಳ್ಳುವ ಶಕ್ತಿ ಕುಂದಿದ್ದವರಿಗೆ ಮೂತ್ರಪಿಂಡದ ರೋಗ ಉಲ್ಬಣಿಸುವ ಸಂಭವ ಹೆಚ್ಚೆಂದು ಕಂಡುಬಂತು. ಇದೊಂದೇ ಕಾರಣ ಎಂದು ಹೇಳಲಾಗದು. ಆದರೆ ಎಚ್ಚರಗೊಳ್ಳಲು ಇಷ್ಟು ಸಾಕು. ಮೂತ್ರಪಿಂಡದ ರೋಗಿಗಳಲ್ಲಿ ಅನೇಕರು ಡಯಾಲಿಸಿಸ್‌ನ ಹಂತ ತಲಪುವ ಮೊದಲೇ ಹೃದ್ರೋಗದಿಂದ ತೀರಿಕೊಳ್ಳುತ್ತಾರೆ.

ಒಂದಕ್ಕೆಂದು ಮಾಡಿದ ಮದ್ದು ಇನ್ನೊಂದನ್ನು ಕೆಡಿಸುವುದೂ ಉಂಟು. ಕೊಲೆಸ್ಟರಾಲ್ ಇಳಿಯಲೆಂದು ಬಿಂಬುಳಿಯ ರಸ ಕುಡಿದು ಮೂತ್ರಪಿಂಡ ಕೆಟ್ಟವರ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಇದಕ್ಕೆ ಕಾರಣ. ಸಾರಿಗೆ ಹಾಕುವ ಒಂದೆರಡು ಕಾಯಿ ಬೇರೆ, ಲೋಟಗಟ್ಟಲೆ ರಸ ಬೇರೆ. ತಂಪೆಂದು ಕೊಡುವ ಸೀಯಾಳದಲ್ಲಿ ಪೊಟಾಸಿಯಂ ಹೆಚ್ಚು. ಮೂತ್ರಪಿಂಡ ತೀರಾ ಸೋತವರಿಗೆ ಅದರಿಂದ ಹೃದಯದ ಬಡಿತವೇ ತಪ್ಪಬಹುದು. ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ಎರಡೂ ಅಂಗಗಳಿಗೆ ಕೇಡು. ಇನ್ನು ಉಪ್ಪು: ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚದಷ್ಟೇ ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಳೆಗಾಲದ ಒಣಮೀನು, ಉಪ್ಪಿನಕಾಯಿ, ಹಪ್ಪಳಗಳಲ್ಲೇ ಅದು ಮುಗಿದು ಹೋಗುತ್ತದೆ.

ನಮ್ಮ ಚರ್ಚಿನ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಸಕ್ಕರೆ ನೋಡಿ ಕಳುಹಿಸಿಬಿಡುತ್ತೇವೆ. ಇದರ ಜತೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೂ ಸೇರಲಿ. ಇವು ದುಬಾರಿ ಪರೀಕ್ಷೆಗಳಲ್ಲ. ಎಕೋ ಪರೀಕ್ಷೆಗೆ ಖರ್ಚಿದೆ, ಅದು ಎಲ್ಲರಿಗೂ ಬೇಡ. ಆದರೆ ಮೂತ್ರಪಿಂಡದ ತೊಂದರೆ ಇದೆಯೆಂದು ಗೊತ್ತಾದವರು ಡಾಕ್ಟರಲ್ಲಿ "ನನ್ನ ಹೃದಯವನ್ನೂ ನೋಡಬೇಕೇ?" ಎಂದು ಕೇಳಲು ಸಂಕೋಚಪಡಬಾರದು. ವಾಳೆಯ ಗುರಿಕಾರರು ಬಿಪಿ, ಸಕ್ಕರೆ ಕಾಯಿಲೆ ಇರುವವರ ಮನೆಗೆ ಹೋಗಿ ಶಿಬಿರಕ್ಕೆ ಬರಹೇಳಲಿ. ಪಾಲನಾ ಮಂಡಳಿ ಬಡ ಕುಟುಂಬಗಳ ಖರ್ಚಿಗೆ ದಾರಿ ಹುಡುಕಲಿ. ವಾರಕ್ಕೆ ಎರಡು ಮೂರು ದಿನ ಡಯಾಲಿಸಿಸ್‌ಗೆ ಅಲೆಯಬೇಕಾದ ಮನೆಯಲ್ಲಿ ತೋಟ ನೋಡುವವರು ಯಾರು?

ದೇಹ ಒಂದೇ, ಅಂಗಗಳು ಹಲವು ಎಂಬ ವಿಚಾರವನ್ನು ಸಂತ ಪೌಲರು ಕೊರಿಂಥದವರಿಗೆ ಬರೆದರು. ಅವರು ಹೇಳಿದ್ದು ಧರ್ಮಸಭೆಯ ಕುರಿತು. ನಮ್ಮ ಮೈಯ ಮಟ್ಟಿಗೂ ಅದು ಅಷ್ಟೇ ನಿಜ.