ಸರದಿಯ ಕಾಗದ

ನೆಂಟರಿಷ್ಟರು ಎಷ್ಟೇ ದೂರದ ಊರುಗಳಲ್ಲಿ ಹಂಚಿಹೋಗಿದ್ದರೂ ಅವರ ಸುದ್ದಿ ಒಬ್ಬರಿಂದೊಬ್ಬರಿಗೆ ಮುಟ್ಟುವ ಏರ್ಪಾಟೊಂದು ಸಮಾಜದಲ್ಲಿ ಮೊದಲಿನಿಂದಲೂ ನಡೆದುಕೊಂಡು ಬಂದಿದೆ. ಮದುವೆ, ಸೀಮಂತ, ನಾಮಕರಣ, ಗೃಹಪ್ರವೇಶ, ತಿಥಿ, ಊರ ಜಾತ್ರೆ ಇವೆಲ್ಲ ಮೇಲುನೋಟಕ್ಕೆ ಆಚರಣೆಗಳಾದರೂ, ಯಾರ ಮಗ ಯಾವ ಊರಿನಲ್ಲಿ ಕೆಲಸಕ್ಕೆ ಸೇರಿದ, ಯಾರ ಮನೆಯಲ್ಲಿ ಯಾರಿಗೆ ಮೈಗೆ ಹುಷಾರಿಲ್ಲ ಎಂಬ ವರದಿಗಳು ಪಂಕ್ತಿಯಲ್ಲಿ ಕುಳಿತವರ ನಡುವೆ ಬಾಯಿಂದ ಬಾಯಿಗೆ ಹೋಗುವ ಸಂದರ್ಭಗಳೂ ಹೌದು. ಲಗ್ನಪತ್ರಿಕೆ ಬರಲಿಲ್ಲವೆಂದು ಮುನಿಸಿಕೊಳ್ಳುವ ಅಧಿಕಾರ ಕೂಡ ಬಂಧುವಿಗೆ ಇರುತ್ತದೆ. ಗೆಳೆತನಕ್ಕೆ ಇಂಥ ಕಟ್ಟುಕಟ್ಟಳೆ ಯಾವುದೂ ಇಲ್ಲ. ಒಂದೇ ಹಾಸ್ಟೆಲ್ಲಿನಲ್ಲಿ ಐದು ವರ್ಷ ಒಟ್ಟಿಗೆ ಉಂಡವರು ಓದು ಮುಗಿಸಿ ಒಬ್ಬರು ಪುಣೆಗೆ, ಒಬ್ಬರು ಬೆಂಗಳೂರಿಗೆ, ಮತ್ತೊಬ್ಬರು ಮಸ್ಕತ್ತಿಗೆ ಹೋದ ಮೇಲೆ, ಅವರನ್ನು ಮತ್ತೆ ಒಂದೆಡೆ ಸೇರಿಸಲೇಬೇಕೆಂಬ ಆಚರಣೆ ಯಾವ ಪಂಚಾಂಗದಲ್ಲೂ ಇಲ್ಲವಾದ್ದರಿಂದ, ಸುದ್ದಿ ಮುಟ್ಟಿಸುವ ಕೆಲಸವನ್ನು ಅವರೇ ಹೊತ್ತುಕೊಳ್ಳಬೇಕಾಗುತ್ತದೆ.

ಈ ವ್ಯತ್ಯಾಸ ಕೇವಲ ಊಹೆಯದಲ್ಲ. ಬ್ರಿಟನ್ನಿನ ಮನಃಶಾಸ್ತ್ರಜ್ಞರಾದ ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್ಬಾರ್ ಅವರು, ಶಾಲೆ ಮುಗಿಸಿ ಉನ್ನತ ವ್ಯಾಸಂಗಕ್ಕೋ ಕೆಲಸಕ್ಕೋ ಹೋದ ಯುವಕ ಯುವತಿಯರ ಒಂದು ಚಿಕ್ಕ ತಂಡವನ್ನು 18 ತಿಂಗಳ ಕಾಲ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತುಕತೆ ಕಡಿಮೆಯಾದರೂ ಬಂಧುಗಳ ಮೇಲಿನ ಅಕ್ಕರೆ ಅಷ್ಟಾಗಿ ಕುಗ್ಗುವುದಿಲ್ಲ, ಗೆಳೆಯರ ವಿಷಯದಲ್ಲಾದರೆ ಪ್ರಯತ್ನ ತಪ್ಪಿದೊಡನೆ ಅದು ಇಳಿಯತೊಡಗುತ್ತದೆ ಎಂಬುದು ಕಂಡುಬಂದಿತು. ಅದೇ ಅಧ್ಯಯನದ ಇನ್ನೊಂದು ಅಂಶವೂ ಗಮನಾರ್ಹ: ಹುಡುಗಿಯರ ಸ್ನೇಹ ಮುಖ್ಯವಾಗಿ ಮಾತಿನಿಂದ ಉಳಿಯುತ್ತಿತ್ತು, ಹುಡುಗರ ಸ್ನೇಹ ಜೊತೆಗೂಡಿ ಏನನ್ನಾದರೂ ಮಾಡುವುದರಿಂದ. ಕ್ರಿಕೆಟ್ಟಿಗೋ ಚಾರಣಕ್ಕೋ ಸೇರುತ್ತಿದ್ದ ಗಂಡಸರು ಬೇರೆ ಬೇರೆ ಊರುಗಳಿಗೆ ಹೋದ ಕೂಡಲೇ ಯಾವ ಜಗಳವೂ ಇಲ್ಲದೆ ಪರಸ್ಪರ ಅಪರಿಚಿತರಾಗುವುದೇಕೆ ಎಂಬುದಕ್ಕೆ ಇದರಲ್ಲಿ ಒಂದು ಉತ್ತರವಿದೆ.

ಕನ್ನಡದ ಅತ್ಯಂತ ಪ್ರಸಿದ್ಧ ಗೆಳೆಯರ ಕೂಟವೂ ಚದುರಿದ ಕೂಟವೇ. 1920ರ ದಶಕದಲ್ಲಿ ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಕಲೆತ ‘ಗೆಳೆಯರ ಗುಂಪು’ ಹೆಚ್ಚು ಕಾಲ ಒಂದೇ ಊರಿನಲ್ಲಿ ಉಳಿಯಲಿಲ್ಲ: ವಿ.ಕೃ. ಗೋಕಾಕರು ವ್ಯಾಸಂಗಕ್ಕೆಂದು ಆಕ್ಸ್‌ಫರ್ಡಿಗೆ ಹೋಗಿಬಂದು ಮುಂದೆ ಹಲವು ಊರುಗಳಲ್ಲಿ ಕೆಲಸ ಮಾಡಿದರು, ರಂ.ಶ್ರೀ. ಮುಗಳಿಯವರು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ನೆಲೆಯಾದರು, ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿದ್ದರು. ಆದರೆ ಲೇಖಕರಿಗೆ ಪತ್ರಿಕೆ, ಮುನ್ನುಡಿ, ಸಾಹಿತ್ಯ ಸಮ್ಮೇಳನ ಎಂಬ ನೆಪಗಳಿದ್ದವು. ಒಬ್ಬರು ಏನು ಯೋಚಿಸುತ್ತಿದ್ದಾರೆಂಬುದು ಮತ್ತೊಬ್ಬರಿಗೆ ಅಚ್ಚಿನಲ್ಲೇ ತಿಳಿಯುತ್ತಿತ್ತು. ಬ್ಯಾಂಕಿನ ಗುಮಾಸ್ತರಿಗೆ, ಶಾಲೆಯ ಶಿಕ್ಷಕಿಯರಿಗೆ, ಮದುವೆಯಾಗಿ ಬೇರೆ ಜಿಲ್ಲೆಗೆ ಹೋದ ಸಹಪಾಠಿಗಳಿಗೆ ಅಂಚೆಯೊಂದೇ ದಾರಿಯಾಗಿತ್ತು.

ಭಾರತದಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂದದ್ದು 1879ರಲ್ಲಿ. ಆದರೆ ಕಾರ್ಡಿನ ಬರಹವನ್ನು ಅಂಚೆಯಣ್ಣನಿಂದ ಹಿಡಿದು ಮನೆಯ ಹಿರಿಯರವರೆಗೆ ಯಾರು ಬೇಕಾದರೂ ಓದಬಹುದಾಗಿತ್ತು. ಲಕೋಟೆಯ ಖರ್ಚು ಹೆಚ್ಚು. ಇವೆರಡರ ನಡುವಿನ ಕೊರತೆಯನ್ನು ತುಂಬಿದ್ದು 1950ರ ಅಕ್ಟೋಬರ್ 2ರಂದು ಜಾರಿಗೆ ಬಂದ ಇನ್‌ಲ್ಯಾಂಡ್ ಲೆಟರ್, ಅಂದರೆ ಮಡಚಿ ಅಂಚುಗಳನ್ನು ಅಂಟಿಸಿದರೆ ತಾನೇ ಲಕೋಟೆಯಾಗುವ ನೀಲಿ ಕಾಗದ. ಅದರೊಳಗೆ ಬೇರೇನನ್ನೂ ಇಡುವಂತಿರಲಿಲ್ಲ, ಜಾಗವೂ ಇಷ್ಟೇ ಎಂದು ಗೊತ್ತಾಗಿಬಿಟ್ಟಿತ್ತು. ಈ ಮಿತಿಯೇ ಅದರ ಗುಣವಾಯಿತೆಂದು ಹೇಳಬಹುದು, ಏಕೆಂದರೆ ಬರೆಯುವವರು ಕಾಗದವನ್ನು ಪೋಲು ಮಾಡಬಾರದೆಂಬ ಕಾರಣಕ್ಕೇ ಅದನ್ನು ಪೂರ್ತಿ ತುಂಬಿಸುತ್ತಿದ್ದರು. ನೆತ್ತಿಯ ಮೇಲೆ ‘ಶ್ರೀ’, ಬಲಗಡೆ ಊರು ಮತ್ತು ತಾರೀಖು, ಬಳಿಕ ಕ್ಷೇಮಸಮಾಚಾರದ ಸಿದ್ಧ ವಾಕ್ಯ. ವರ್ಗಾವಣೆ, ಮಗುವಿನ ಹುಟ್ಟು, ತಂದೆಯ ಶಸ್ತ್ರಚಿಕಿತ್ಸೆಯಂಥ ದೊಡ್ಡ ಸುದ್ದಿಗಳು ಮೊದಲ ಅರ್ಧ ಪುಟದಲ್ಲೇ ಮುಗಿದು, ಮಿಕ್ಕ ಜಾಗದಲ್ಲಿ ಹೊಸ ಬಾಡಿಗೆ ಮನೆಯ ನೀರಿನ ತಾಪತ್ರಯ, ಮೆಸ್ಸಿನ ಸಾರಿನ ರುಚಿ, ತಲೆಗೆ ಹೋಗದ ಇಲಾಖಾ ಪರೀಕ್ಷೆಯ ಪುಸ್ತಕ ಇಂಥವು ಬರುತ್ತಿದ್ದವು. ಕೊನೆಯ ಸಾಲುಗಳು ಅಂಟಿಸುವ ಮಡಿಕೆಯ ಮೇಲೆ ಅಡ್ಡಡ್ಡವಾಗಿ ಏರುತ್ತಿದ್ದುದರಿಂದ, ಅವಸರದಲ್ಲಿ ಒಡೆದವರ ಕೈಯಲ್ಲಿ ಅವು ಹರಿದು ಹೋಗುತ್ತಿದ್ದವು. ದೂರದ ಗೆಳೆಯನ ಬದುಕು ಓದುವವರ ಕಣ್ಣಿಗೆ ಕಟ್ಟುತ್ತಿದ್ದುದು ದೊಡ್ಡ ಸುದ್ದಿಗಳಿಂದಲ್ಲ, ಈ ಮಿಕ್ಕ ಜಾಗದ ಸಣ್ಣ ಸಂಗತಿಗಳಿಂದ ಎಂಬುದು ಹಳೆಯ ಕಾಗದಗಳನ್ನು ಮತ್ತೆ ತೆರೆದು ನೋಡಿದವರಿಗೆಲ್ಲ ತಿಳಿದಿರುವ ಮಾತು.

ಇಬ್ಬರ ನಡುವಿನ ಪತ್ರವ್ಯವಹಾರಕ್ಕೆ ಈ ನೀಲಿ ಕಾಗದ ಸಾಕಾಗಿತ್ತು. ಹತ್ತಾರು ಮಂದಿ ಗೆಳೆಯರು ಒಬ್ಬರಿಗೊಬ್ಬರು ಎಟುಕುವಂತೆ ಮಾಡುವುದು ಬೇರೆಯದೇ ಸಮಸ್ಯೆ. ಈ ಸಮಸ್ಯೆಗೆ ದೊರೆತ ಪರಿಹಾರಗಳಲ್ಲಿ ದೀರ್ಘಕಾಲ ಬಾಳಿದ್ದೊಂದನ್ನು ಇಲ್ಲಿ ವಿವರವಾಗಿ ನೋಡಬೇಕು. 1935ರಲ್ಲಿ ಬ್ರಿಟನ್ನಿನ ‘ನರ್ಸರಿ ವರ್ಲ್ಡ್’ ಎಂಬ ಮಕ್ಕಳ ಪಾಲನೆಯ ಪತ್ರಿಕೆಗೆ ಐರ್ಲೆಂಡಿನಲ್ಲಿ ನೆಲೆಸಿದ್ದ ತಾಯಿಯೊಬ್ಬಳು ‘ಯೂಬಿಕ್ವೆ’ ಎಂಬ ಗುಪ್ತನಾಮದಲ್ಲಿ, ನೆರೆಹೊರೆಯ ಆಸರೆಯಾಗಲಿ ಓದಲು ಪುಸ್ತಕಗಳಾಗಲಿ ಇಲ್ಲದ ಒಂಟಿತನವನ್ನು ಹೇಳಿಕೊಂಡು, ದುಡ್ಡು ಬೇಡದ ಯಾವುದಾದರೂ ಕಾಯಕವನ್ನು ಸೂಚಿಸುವಂತೆ ಕೇಳಿ ಬರೆದಳು. ಬ್ರಿಟನ್ನಿನ ಹಲವೆಡೆಗಳಿಂದ ಹೆಂಗಸರು ಉತ್ತರಿಸಿದರು. ಈ ಓಲೆಗಳಿಂದ ಹುಟ್ಟಿದ್ದು ‘ಕೋಆಪರೇಟಿವ್ ಕರೆಸ್ಪಾಂಡೆನ್ಸ್ ಕ್ಲಬ್’, ಅಂದರೆ ಸದಸ್ಯೆಯರೇ ಬರೆದು ಸದಸ್ಯೆಯರೇ ಓದುವ, ಅಂಚೆಯಲ್ಲಿ ಸುತ್ತುವ ಖಾಸಗಿ ಪತ್ರಿಕೆ.

ಅದು ನಡೆಯುವ ಬಗೆ ಸರಳವಾಗಿತ್ತು. ಪ್ರತಿಯೊಬ್ಬಳೂ ತನ್ನ ಬರಹವನ್ನು ‘ಆಡ್ ಆಸ್ಟ್ರಾ’ ಎಂಬ ಗುಪ್ತನಾಮದ ಸಂಪಾದಕಿಗೆ ಕಳಿಸಬೇಕು. ಆಕೆ ಬಂದ ಹಾಳೆಗಳನ್ನು ಒಟ್ಟುಗೂಡಿಸಿ, ಕೈಯಾರೆ ಕಸೂತಿ ಹಾಕಿದ ಬಟ್ಟೆಯ ಹೊದಿಕೆಯೊಳಗೆ ಕಟ್ಟಿ, ಪಟ್ಟಿಯಲ್ಲಿನ ಮೊದಲ ಹೆಸರಿಗೆ ಅಂಚೆಗೆ ಹಾಕುತ್ತಿದ್ದಳು. ಓದಿದವಳು ತನಗನಿಸಿದ್ದನ್ನು ಅಂಚಿನಲ್ಲಿ ಬರೆದು ಮುಂದಿನವಳಿಗೆ ಕಳಿಸುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಹೊಸ ಸಂಚಿಕೆ ಹೊರಡುತ್ತಿತ್ತು. ತಾಯಂದಿರು ಮಾತ್ರ ಸೇರಬಹುದಾಗಿತ್ತು, ಒಂದು ಕಾಲಕ್ಕೆ 24ಕ್ಕಿಂತ ಹೆಚ್ಚು ಮಂದಿ ಇರುವಂತಿರಲಿಲ್ಲ. ಒಂದೇ ಪ್ರತಿ ಇರುತ್ತಿದ್ದುದರಿಂದ ಪಟ್ಟಿಯ ಕೊನೆಯವಳಿಗೆ ಅದು ಮುಟ್ಟುವ ಹೊತ್ತಿಗೆ ಮೂಲ ಬರಹದ ಸುತ್ತ ಹಲವರ ಕೈಬರಹ ಹಬ್ಬಿರುತ್ತಿತ್ತು. ಅವಳು ಗೆಳತಿಯ ಸುದ್ದಿಯನ್ನಷ್ಟೇ ಅಲ್ಲ, ಆ ಸುದ್ದಿಗೆ ಉಳಿದವರು ಸ್ಪಂದಿಸಿದ ರೀತಿಯನ್ನೂ ಓದುತ್ತಿದ್ದಳು.

ಇವರಲ್ಲಿ ಅನೇಕರು ಚೆನ್ನಾಗಿ ಓದಿದವರಾಗಿದ್ದರೂ ಮನೆಯಲ್ಲಿ ಉಳಿದದ್ದಕ್ಕೆ ಕಾಲದ ಕಾನೂನೂ ಕಾರಣವಾಗಿತ್ತು. ಆ ದಿನಗಳ ಬ್ರಿಟನ್ನಿನಲ್ಲಿ ಮದುವೆಯಾದ ಹೆಣ್ಣು ಸರ್ಕಾರಿ ಹುದ್ದೆಯನ್ನೂ ಎಷ್ಟೋ ಕಡೆ ಶಿಕ್ಷಕಿಯ ಕೆಲಸವನ್ನೂ ಬಿಡಬೇಕಾಗಿತ್ತು. ಶಿಕ್ಷಕಿಯರಿಗೆ ಈ ನಿರ್ಬಂಧ ತೆಗೆದದ್ದು 1944ರಲ್ಲಿ, ಸರ್ಕಾರಿ ನೌಕರಿಯಲ್ಲಿ 1946ರಲ್ಲಿ. ಅವರ ಪತ್ರಿಕೆಯ ಪುಟಗಳಲ್ಲಿ ಹೆರಿಗೆ, ಮಕ್ಕಳ ಕಾಯಿಲೆ, ಯುದ್ಧದ ಬಾಂಬು, ಗಂಡಂದಿರ ನಂಬಿಕೆದ್ರೋಹ, ಮುಂದೆ ಮುಪ್ಪು ಮತ್ತು ವೈಧವ್ಯ ಎಲ್ಲವೂ ಬಂದವು. ಅಂಚೆಯಲ್ಲಿ ಪರಿಚಯವಾದವರು ಮುಖಾಮುಖಿ ಭೇಟಿಯಾಗಿ ಆಪ್ತ ಗೆಳತಿಯರಾದರು. ಎರಡನೆಯ ಮಹಾಯುದ್ಧದಲ್ಲೂ ನಿಲ್ಲದ ಈ ಸುತ್ತಾಟ ಕೊನೆಗೊಂಡದ್ದು 1990ರಲ್ಲಿ, ಅಂದರೆ ಸುಮಾರು 55 ವರ್ಷಗಳ ಬಳಿಕ.

ಈ ದೀರ್ಘಾಯುಷ್ಯದ ಗುಟ್ಟು ಗುಪ್ತನಾಮದಲ್ಲೋ ಬರಹದ ಸೊಗಸಿನಲ್ಲೋ ಇತ್ತೆಂದು ಹೇಳಿದರೆ ವಿಷಯದ ಮುಖ್ಯ ಭಾಗ ಕೈತಪ್ಪುತ್ತದೆ. ಸುದ್ದಿ ಹೇಳಲು ಒಂದು ಸರದಿ ಇತ್ತು, ಸುದ್ದಿಯನ್ನು ಮುಂದಕ್ಕೆ ಸಾಗಿಸುವ ಹೊಣೆ ಪ್ರತಿಯೊಬ್ಬಳ ಮೇಲೂ ಇತ್ತು, ಎಲ್ಲವನ್ನೂ ಕೂಡಿಹಾಕುವ ಬೇಸರದ ಕೆಲಸವನ್ನು ಒಬ್ಬಳು ಮನಸಾರೆ ಒಪ್ಪಿಕೊಂಡಿದ್ದಳು. ಎಲ್ಲಕ್ಕಿಂತ ಮಿಗಿಲಾಗಿ, ಇಪ್ಪತ್ತನಾಲ್ಕು ಮಂದಿಯ ಕಟ್ಟಿನಲ್ಲಿ ಒಬ್ಬಳ ಹಾಳೆ ಬರದಿದ್ದರೆ ಅದು ಗೊತ್ತಾಗುತ್ತಿತ್ತು. ಗೆಳೆಯರ ನಡುವಿನ ಸುದ್ದಿ ವಿನಿಮಯದಲ್ಲಿ ಹೇಳಿದ್ದಕ್ಕಿಂತ ಹೇಳದೆ ಉಳಿದದ್ದು ಹೆಚ್ಚು ತೂಕದ್ದು. ಕೆಲಸ ಕಳೆದುಕೊಂಡವನು, ಮನೆಯಲ್ಲಿ ನೊಂದವಳು, ಸಾಲದಲ್ಲಿ ಸಿಕ್ಕವನು ಮೊದಲು ಮಾಡುವುದೇ ಸುಮ್ಮನಾಗುವುದನ್ನು. ಆ ಮೌನ ಕಣ್ಣಿಗೆ ಬೀಳುವಂತೆ ಇರುವ ಏರ್ಪಾಟು ಮಾತ್ರ ಗೆಳೆತನಕ್ಕೆ ನಿಜವಾಗಿ ನೆರವಾಗುತ್ತದೆ.

ಕರ್ನಾಟಕದಲ್ಲಿ ಅಂಚೆಯ ಕಾಲದ ಬಳಿಕ ಎಸ್‌ಟಿಡಿ ಬೂತುಗಳ ಕಾಲ ಬಂದಿತು. ರಾತ್ರಿಯ ಕಡಿಮೆ ದರಕ್ಕಾಗಿ ಕಾದು, ಮೀಟರಿನ ಕೆಂಪು ಅಂಕಿಗಳನ್ನು ನೋಡುತ್ತ ಆಡಿದ ಆ ಮಾತುಗಳಲ್ಲಿ ಸಣ್ಣ ಸಂಗತಿಗಳಿಗೆ ಎಡೆಯಿರಲಿಲ್ಲ. 2009ರಲ್ಲಿ ಆರಂಭವಾದ ವಾಟ್ಸಾಪ್ ಈಗ ಅಂಚೆ, ಬೂತು, ಇಮೇಲು ಮೂರರ ಕೆಲಸವನ್ನೂ ವಹಿಸಿಕೊಂಡಿದೆ. ಅದನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. 2013ರಲ್ಲಿ ಅದಕ್ಕೆ ಸೇರಿದ ಧ್ವನಿಸಂದೇಶದ ಸೌಲಭ್ಯ, ಕೀಲಿಮಣೆಯಲ್ಲಿ ಕನ್ನಡ ಒತ್ತಲು ಹಿಂಜರಿದು ರೋಮನ್ ಲಿಪಿಯಲ್ಲಿ ಕನ್ನಡ ಬರೆಯುತ್ತಿದ್ದವರಿಗೆ ಅವರವರ ಆಡುನುಡಿಯನ್ನೇ ಮರಳಿ ಕೊಟ್ಟಿತು. ಇನ್‌ಲ್ಯಾಂಡ್ ಕಾಗದದಲ್ಲಿ ಪುಸ್ತಕದ ಕನ್ನಡವನ್ನೇ ಬರೆಯಬೇಕೆಂದುಕೊಂಡಿದ್ದ ಹುಬ್ಬಳ್ಳಿಯವನು ಈಗ ‘ಹೆಂಗದೀಯಪಾ’ ಎಂದೇ ಮಾತು ತೆಗೆಯುತ್ತಾನೆ, ಪುತ್ತೂರಿನವಳು ‘ಎಂಥ ಮಾರಾಯ್ತಿ’ ಎನ್ನುತ್ತಾಳೆ. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹಾರನ್ನು, ಮಗುವಿನ ರಂಪ ಎಲ್ಲವೂ ಕೇಳಿಸುತ್ತವೆ. ಕ್ಯಾಲಿಫೋರ್ನಿಯಾಕ್ಕೂ ಬೆಂಗಳೂರಿಗೂ ಋತುಮಾನಕ್ಕೆ ತಕ್ಕಂತೆ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆಗಳ ಅಂತರವಿರುವಾಗ, ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಮಾತಾಡಿಟ್ಟು ಹೋಗಬಹುದಾದ ಈ ಅನುಕೂಲ ದೊಡ್ಡದು.

ಕೊರತೆಯಿರುವುದು ಬೇರೆ ಕಡೆ. 2017ರಲ್ಲಿ ಬಂದ ‘ಸ್ಟೇಟಸ್’, ಅಂದರೆ ಪರಿಚಯದವರೆಲ್ಲರಿಗೂ ಒಮ್ಮೆಲೇ ಕಾಣಿಸಿ 24 ಗಂಟೆಗಳಲ್ಲಿ ಅಳಿಸಿಹೋಗುವ ಚಿತ್ರ ಅಥವಾ ಬರಹ, ಯಾರನ್ನೂ ಉದ್ದೇಶಿಸಿದ್ದಲ್ಲವಾದ್ದರಿಂದ ಯಾರಿಂದಲೂ ಮರುಮಾತನ್ನು ಬೇಡುವುದಿಲ್ಲ. ನೋಡಿದವನಿಗೆ ಗೆಳೆಯನ ಸುದ್ದಿ ತಿಳಿದಂತಾಗಿ, ಕೇಳಬೇಕೆಂಬ ಇಚ್ಛೆಯೇ ತಣ್ಣಗಾಗುತ್ತದೆ. ಒಂದು ಗುಂಪಿನಲ್ಲಿ 1024 ಮಂದಿಯವರೆಗೆ ಸೇರಲು ಅವಕಾಶವಿರುವ ಇಂದಿನ ದಿನಗಳಲ್ಲಿ, ಇಡೀ ಬ್ಯಾಚನ್ನೇ ಸೇರಿಸಿದ ಗುಂಪುಗಳು ಹುಟ್ಟುಹಬ್ಬದ ಹಾರೈಕೆ, ಬೆಳಗಿನ ಶುಭಾಶಯದ ಹೂವಿನ ಚಿತ್ರ, ಸಂತಾಪದ ಸಾಲುಗಳ ಸೂಚನಾಫಲಕಗಳಾಗುತ್ತವೆ. ಅಲ್ಲಿ ವರ್ಷಗಟ್ಟಲೆ ತುಟಿಪಿಟಕ್ಕೆನ್ನದವರು ಇದ್ದಾರೋ ಬಿಟ್ಟಿದ್ದಾರೋ ಯಾರಿಗೂ ತಿಳಿಯುವುದಿಲ್ಲ. ಐದಾರು ಮಂದಿಯ ಗುಂಪುಗಳು ಹೀಗಾಗುವುದು ಅಪರೂಪ. ಅಂಥ ಗುಂಪುಗಳಲ್ಲಿ, ಭಾನುವಾರ ಸಂಜೆ ಒಬ್ಬೊಬ್ಬರೂ ಆ ವಾರದ ಒಂದು ಒಳ್ಳೆಯ ಸಂಗತಿಯನ್ನೂ ಒಂದು ತಲೆನೋವನ್ನೂ ಹೇಳಲೇಬೇಕೆಂಬಂಥ ಸಣ್ಣ ಕಟ್ಟಳೆಯನ್ನು ಹಾಕಿಕೊಳ್ಳುವುದು ಯಾರಿಗಾದರೂ ಸಾಧ್ಯ, ಮತ್ತು ಹೇಳದವರಿಗೆ ನೇರವಾಗಿ ಫೋನು ಮಾಡುವ ಒಬ್ಬರು ಅಲ್ಲಿ ಇದ್ದರೆ ಸಾಕು.

ಉಳಿಸಿಕೊಳ್ಳುವ ಪ್ರಶ್ನೆಯೂ ಇದೆ. ಆ ತಾಯಂದಿರ ಪತ್ರಿಕೆಯ ಕಥೆ ಇಂದು ತಿಳಿದಿರುವುದು, ಉಳಿದ ಸಂಚಿಕೆಗಳು ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿನ ‘ಮಾಸ್ ಅಬ್ಸರ್ವೇಷನ್’ ಸಂಗ್ರಹವನ್ನು ಸೇರಿದ್ದರಿಂದ. 1937ರಲ್ಲಿ ಬ್ರಿಟನ್ನಿನ ಸಾಮಾನ್ಯ ಜನರ ದಿನಚರಿಯನ್ನು ದಾಖಲಿಸಲು ಹೊರಟ ಕೆಲಸದಿಂದ ಬೆಳೆದ ಈ ಭಂಡಾರದಲ್ಲಿ ಅವುಗಳನ್ನು ಕಂಡ ಜೆನ್ನಾ ಬೇಯ್ಲಿ 2007ರಲ್ಲಿ ಆ ಬರಹಗಳನ್ನು ಪುಸ್ತಕವಾಗಿಸಿದರು. ಕನ್ನಡದಲ್ಲಿ ಲೇಖಕರ ಪತ್ರಗಳಿಗೆ ಬೆಲೆಯಿದೆ. ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಪತ್ರಗಳು ಬಂದಾಗ ಓದುಗರು ಅವನ್ನು ಅಕ್ಕರೆಯಿಂದ ಬರಮಾಡಿಕೊಂಡರು. ಆದರೆ ಗೋಡೆಯ ಮೊಳೆಗೆ ತೂಗುಹಾಕಿದ ಕಂಬಿಗೆ ಚುಚ್ಚಿಟ್ಟಿದ್ದ ಸಾಮಾನ್ಯರ ಕಾಗದಗಳು ಮನೆ ಬದಲಿಸುವಾಗ ರದ್ದಿಗೆ ಹೋಗುತ್ತವೆ, ಫೋನು ಬದಲಿಸುವಾಗ ಧ್ವನಿಸಂದೇಶಗಳು ಅಳಿದು ಹೋಗುತ್ತವೆ. ಧಾರವಾಡ, ಮೈಸೂರು, ಹಂಪಿಯ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಇಂಥ ಕಟ್ಟುಗಳನ್ನು, ಅದರಲ್ಲೂ 1960ರಿಂದ 1990ರವರೆಗೆ ಹಾಸ್ಟೆಲ್ಲುಗಳಲ್ಲಿ ಓದಿ ಬೇರೆ ಬೇರೆ ಊರು ಸೇರಿದ ಹೆಣ್ಣುಮಕ್ಕಳ ಪತ್ರಗಳನ್ನು, ಹೆಸರು ಮರೆಮಾಚಿ ಕಾಪಿಡುವ ಮನಸ್ಸು ಮಾಡಿದರೆ ಅದು ಕನ್ನಡದ ಸಾಮಾಜಿಕ ಚರಿತ್ರೆಗೆ ದೊಡ್ಡ ಆಸ್ತಿಯಾಗುತ್ತದೆ. ಕಾಗದ ಪಡೆದವರ ಬಳಿ ಇದ್ದರೂ ಅದರೊಳಗಿನ ಮಾತು ಬರೆದವರದು. ಹಾಗಾಗಿ ಯಾವ ಕಟ್ಟನ್ನು ಗ್ರಂಥಾಲಯಕ್ಕೆ ಕೊಡಬೇಕಾದರೂ ಬರೆದವರ ಒಪ್ಪಿಗೆ ಬೇಕಾಗುತ್ತದೆ, ಆ ಒಪ್ಪಿಗೆ ಕೇಳಲು ಎಷ್ಟೋ ವರ್ಷಗಳಿಂದ ಮಾತಿಲ್ಲದೆ ಉಳಿದ ಗೆಳತಿ ಈಗ ಯಾವ ಊರಿನಲ್ಲಿದ್ದಾಳೆಂದು ಮೊದಲು ವಿಚಾರಿಸಬೇಕಾಗುತ್ತದೆ.