ಮಳೆ, ಬಂದೂಕು ಮತ್ತು ಸುಟ್ಟುಹೋದ ಮಗಳು

ಸುರಿಯುವ ಮಳೆ. ಹಳೆಯ ಕಟ್ಟಡದ ಅಂಚಿನಲ್ಲಿ ಕಪ್ಪು ಉಡುಪಿನ ಹೆಣ್ಣೊಬ್ಬಳು ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಎದ್ದವಳೇ ಕೆಳಕ್ಕೆ ಹಾರುತ್ತಾಳೆ. ನೆಲ ಮುಟ್ಟಿದ ಮರುಗಳಿಗೆ, ಒಂದು ಮೆಟ್ಟಿಲು ಇಳಿದಷ್ಟೇ ಸಲೀಸಾಗಿ ಜನರ ನಡುವೆ ನಡೆದುಹೋಗುತ್ತಾಳೆ. 2003ರ ‘ಅಂಡರ್‌ವರ್ಲ್ಡ್’ ಚಿತ್ರದ ಈ ಜಿಗಿತಕ್ಕೆ ಮನಸೋತವರಲ್ಲಿ ನಾನೂ ಒಬ್ಬ. ಆದರೂ ಸಿನಿಮಾ ಮುಗಿದ ಮೇಲೆ ಉಳಿಯುವ ಕೊರಗು ಸಣ್ಣದಲ್ಲ.

ಮೆಚ್ಚಬೇಕಾದದ್ದು ಬಹಳ ಇದೆ. ನಿರ್ದೇಶಕ ಲೆನ್ ವೈಸ್‌ಮನ್‌ಗೆ ಇದು ಮೊದಲ ಚಿತ್ರ. ಕೈಯಲ್ಲಿದ್ದದ್ದು ಸುಮಾರು 2.2 ಕೋಟಿ ಡಾಲರ್. ಹಾಲಿವುಡ್ಡಿನ ಆಕ್ಷನ್ ಚಿತ್ರಕ್ಕೆ ಅದು ಬಿಗಿ ಬಜೆಟ್ಟು. ಚಿತ್ರ ಗಳಿಸಿದ್ದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಬುಡಾಪೆಸ್ಟ್ ನಗರದ ಕಲ್ಲುಕಟ್ಟಡಗಳು, ಮೆಟ್ರೊ ಸುರಂಗಗಳು, ಎಲ್ಲವನ್ನೂ ಅದ್ದಿ ತೆಗೆದಂಥ ನೀಲಿಗಪ್ಪು ಬಣ್ಣ: ಯಾವ ಚೌಕಟ್ಟನ್ನು ನಿಲ್ಲಿಸಿ ನೋಡಿದರೂ ಇದು ಇದೇ ಸಿನಿಮಾ ಎಂದು ಗೊತ್ತಾಗುತ್ತದೆ. ಜೇನ್ ಆಸ್ಟಿನ್ನಳ ‘ಎಮ್ಮಾ’ ಆಗಿ ಟಿವಿಯಲ್ಲಿ ಕಾಣಿಸಿಕೊಂಡಿದ್ದ ಕೇಟ್ ಬೆಕಿನ್‌ಸೇಲ್ ಇಲ್ಲಿ ಸೆಲೀನ್ ಎಂಬ ರಕ್ತಪಿಶಾಚಿ ಯೋಧೆ. ಓಡಿಹೋಗಲು ದಾರಿ ಇಲ್ಲದಾಗ ತನ್ನ ಸುತ್ತಲಿನ ನೆಲಕ್ಕೆ ವೃತ್ತಾಕಾರವಾಗಿ ಗುಂಡು ಹಾರಿಸಿ, ಕತ್ತರಿಸಿಬಿದ್ದ ತುಂಡಿನ ಜೊತೆಗೇ ಕೆಳಗಿನ ಮಹಡಿಗೆ ಇಳಿಯುತ್ತಾಳೆ. ಯಾರೋ ಬಂದು ಕಾಪಾಡಲಿ ಎಂದು ಕಾಯುವ ಹೆಣ್ಣಲ್ಲ ಅವಳು.

‘ಬ್ಲೇಡ್’, ‘ಮೇಟ್ರಿಕ್ಸ್’ ಚಿತ್ರಗಳ ನಕಲು ಎಂಬ ದೂರು ಹಳೆಯದು. ಕರಿಯ ಚರ್ಮದ ಕೋಟಿನ ಮಟ್ಟಿಗೆ ಅದು ನಿಜ. ಆದರೆ ಕಥೆ ಹೆಣೆದವರಲ್ಲಿ ಒಬ್ಬರಾದ ಕೆವಿನ್ ಗ್ರೆವಿಯೊ ಸೂಕ್ಷ್ಮಜೀವಿಶಾಸ್ತ್ರ ಓದಿದವರು. ಅದರ ಗುರುತು ಚಿತ್ರದಲ್ಲಿದೆ. ಇಲ್ಲಿ ಪಿಶಾಚಿತನ ಶಾಪವಲ್ಲ, ವೈರಸ್ಸು. ಬೆಳ್ಳಿಯ ಗುಂಡು ಹೊಕ್ಕರೆ ಪಿಶಾಚಿಗಳ ವೈರಿಗಳಾದ ತೋಳಮಾನವರು ಅದನ್ನು ಕಿತ್ತು ಬಿಸಾಡುತ್ತಾರೆ. ಹಾಗಾಗಿ ಪಿಶಾಚಿಗಳು ಗುಂಡಿನೊಳಗೆ ಸಿಲ್ವರ್ ನೈಟ್ರೇಟ್ ದ್ರವ ತುಂಬುತ್ತಾರೆ. ರಕ್ತಕ್ಕೆ ಸೇರಿದ್ದನ್ನು ಕೀಳುವುದೆಲ್ಲಿಂದ? ಇಂಥ ಯೋಚನೆ ನಕಲು ಮಾಡುವವರಿಗೆ ಹೊಳೆಯುವುದಿಲ್ಲ.

ನನ್ನ ತಕರಾರು ಬೇರೆ. ಈ ಎರಡು ಕುಲಗಳ ನೂರಾರು ವರ್ಷಗಳ ಯುದ್ಧ ಹುಟ್ಟಿದ್ದು ಒಂದು ಕೊಲೆಯಿಂದ. ಪಿಶಾಚಿಗಳ ಹಿರಿಯ ವಿಕ್ಟರ್‌ನ ಮಗಳು ಸೋನ್ಯಾ, ಜೀತದ ತೋಳಮಾನವ ಲೂಸಿಯನ್‌ನನ್ನು ಪ್ರೀತಿಸಿ ಬಸುರಾಗುತ್ತಾಳೆ. ಕುಲ ಕೆಟ್ಟಿತೆಂದು ತಂದೆಯೇ ಅವಳನ್ನು ಬಿಸಿಲಿಗೆ ಒಡ್ಡಿ ಸುಡಿಸುತ್ತಾನೆ. ಸರಪಳಿ ಬಿಗಿಸಿಕೊಂಡ ಲೂಸಿಯನ್ ಅದನ್ನು ನೋಡಬೇಕು. ಜಾತಿ ಮೀರಿ ಮದುವೆಯಾದ ಮಗಳನ್ನು ಹೆತ್ತವರೇ ಕೊಂದ ಸುದ್ದಿಗಳನ್ನು ಓದಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಂಥ ಕಥೆಗೆ ಸಿನಿಮಾ ಕೊಡುವುದು ಮಿಂಚಿ ಮಾಯವಾಗುವ ಕೆಲವು ನೆನಪುಗಳನ್ನು, ಒಂದಿಷ್ಟು ವಿವರಣೆಯ ಮಾತುಗಳನ್ನು. ಉಳಿದ ಹೊತ್ತೆಲ್ಲ ಗುಂಡಿನ ಸುರಿಮಳೆ. ಸೆಲೀನ್ ಮತ್ತು ಮೈಕಲ್ ಎಂಬ ಮನುಷ್ಯನ ನಡುವೆ ಪ್ರೀತಿ ಹುಟ್ಟಿತು ಎನ್ನುತ್ತಾರೆ. ಇಬ್ಬರೂ ಕೂತು ನೆಟ್ಟಗೆ ನಾಲ್ಕು ಮಾತಾಡಿದ್ದನ್ನು ನಾನು ಕಾಣೆ. ರಕ್ತಪಿಶಾಚಿಯ ಚಿತ್ರದಲ್ಲಿ ಆಳ ಹುಡುಕುವುದೇ ತಪ್ಪು ಎನ್ನುವವರಿದ್ದಾರೆ. ಮಗಳ ಸಾವನ್ನು ಎತ್ತಿಕೊಂಡದ್ದು ಸಿನಿಮಾವೇ, ನಾನಲ್ಲ. ಸೋನ್ಯಾಳ ಮಾತು ಬಂದಾಗ ವಿಕ್ಟರ್ ಆಗಿರುವ ಬಿಲ್ ನೈ ಅವರ ಮುಖ ನೋಡಿ: ವಿಕ್ಟರ್‌ನಿಗೆ ದುಃಖವಿದೆ, ಆದರೆ ತಾನು ಮಾಡಿದ್ದು ಸರಿ ಎಂಬ ಹಟ ಸಡಿಲುವುದಿಲ್ಲ. ಇಡೀ ಚಿತ್ರ ಹುಡುಕಬೇಕಿದ್ದದ್ದು ಅಲ್ಲಿತ್ತು. ಕೊನೆಗೆ ಅವನಿಗೆ ಸಿಗುವುದು ಒಂದು ಚಮತ್ಕಾರದ ಕತ್ತಿಯೇಟು. ಅರ್ಧ ಮುಖ ಜಾರಿ ಬೀಳುತ್ತದೆ, ನಾವು ಬೆರಗಾಗುತ್ತೇವೆ, ಸತ್ತ ಮಗಳು ಮರೆತುಹೋಗುತ್ತಾಳೆ.

ಅವಳ ಕಥೆಯನ್ನೇ ನಡುವಿಗಿಟ್ಟುಕೊಂಡು 2009ರಲ್ಲಿ ಸರಣಿಯ ಮೂರನೆಯ ಚಿತ್ರ ‘ರೈಸ್ ಆಫ್ ದಿ ಲೈಕನ್ಸ್’ ಬಂತು. ಇನ್ನೂ ನೋಡದವರು ಅದನ್ನು ಮೊದಲು ನೋಡಿ, ಆಮೇಲೆ 2003ರದಕ್ಕೆ ಬನ್ನಿ.