ತಡವಾಗಿ ಬೆಳೆಯುವ ಮಕ್ಕಳೂ ಅವರನ್ನು ನೋಡುವವರ ಶಿಕ್ಷಣವೂ

ಮಗುವು ಮೂರು ನಾಲ್ಕು ತಿಂಗಳಿಗೆ ಕತ್ತು ನಿಲ್ಲಿಸಬೇಕು. ಒಂಬತ್ತು ತಿಂಗಳೊಳಗೆ ಆಸರೆಯಿಲ್ಲದೆ ಕೂರಬೇಕು. ಒಂದೂವರೆ ವರ್ಷದೊಳಗೆ ನಡೆಯಬೇಕು. ಎರಡು ವರ್ಷ ತುಂಬುವಾಗ ಎರಡೆರಡು ಮಾತು ಕೂಡಿಸಿ ಆಡಬೇಕು. ಇದನ್ನು ನಮ್ಮ ಮನೆಗಳ ಅಜ್ಜಿಯರು ಪುಸ್ತಕ ನೋಡದೆಯೇ ಬಲ್ಲರು. ಆದರೆ ಮಗು ಹಾಗೆ ಮಾಡದಿದ್ದಾಗ ಮುಂದೇನೆಂಬುದನ್ನು ಅವರೂ ಅರಿಯರು. ಎಷ್ಟೋ ಕಡೆ ಆಸ್ಪತ್ರೆಯವರೂ ಅರಿಯರು. “ಗಂಡುಮಕ್ಕಳಿಗೆ ಮಾತು ತಡ, ದೊಡ್ಡವನಾದ ಮೇಲೆ ಸರಿಹೋಗುತ್ತಾನೆ” ಎಂಬ ಸಮಾಧಾನದಲ್ಲಿ ಕಾಲ ಕಳೆಯುತ್ತದೆ. ಹಾಗೆ ಕಳೆದುಹೋಗುವುವು ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ವರ್ಷಗಳೇ ಎಂಬುದು ಶೋಚನೀಯ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಂದಾಗಿವೆ. ಎಲ್ಲವೂ ಮಳೆ ಕಡಿಮೆಯಾದ ಸೀಮೆಗಳು. ಪಾವಗಡವಂತೂ ಬಹುಮಟ್ಟಿಗೆ ಆಂಧ್ರದಿಂದ ಸುತ್ತುವರಿದು ತುಮಕೂರಿಗೆ ನೂರು ಕಿಲೋಮೀಟರಿನಷ್ಟು ದೂರದಲ್ಲಿದೆ. ಕೈಕಾಲು ಬಿಗಿದುಕೊಂಡ ಮಗುವನ್ನು ಹೆಗಲಿಗೆ ಹಾಕಿಕೊಂಡು ವಾರವಾರವೂ ಜಿಲ್ಲಾಸ್ಪತ್ರೆಗೆ ಹೋಗಬೇಕಾದ ತಾಯಿಯು ಬಸ್ಸಿನ ಖರ್ಚಿನ ಜೊತೆಗೆ ಆ ದಿನದ ಕೂಲಿಯನ್ನೂ ಕಳೆದುಕೊಳ್ಳುವಳು. ಎರಡು ತಿಂಗಳು ಹೋದಾಳು, ಮೂರನೆಯ ತಿಂಗಳು ನಿಲ್ಲಿಸಿಯಾಳು. ಅವಳನ್ನು ದೂರುವುದು ನ್ಯಾಯವಲ್ಲ. ಆದಕಾರಣ ವಿದ್ಯೆಯೇ ಅವಳ ಬಾಗಿಲಿಗೆ ಬರಬೇಕು.

ಬಾಗಿಲಿಗೆ ಬರುವವರು ಇಲ್ಲವೆನ್ನುವಂತಿಲ್ಲ. ಹೆರಿಗೆಯಾದ ೪೨ ದಿನಗಳೊಳಗೆ ಆಶಾ ಕಾರ್ಯಕರ್ತೆಯು ಮನೆಗೆ ಹಲವು ಸಲ ಬಂದು ಕೂಸನ್ನು ನೋಡಬೇಕೆಂಬ ನಿಯಮವಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಸಂಚಾರಿ ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲವೂ ಶಾಲೆಗಳಿಗೆ ಒಂದು ಸಲವೂ ಹೋಗಿ ಮಕ್ಕಳನ್ನು ಪರೀಕ್ಷಿಸಬೇಕು. ೨೦೧೬ರ ಕಾಯಿದೆಯು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆಗಳೂ ಸೇರಿದಂತೆ ೨೧ ಬಗೆಯ ವಿಕಲತೆಗಳನ್ನು ಅಂಗೀಕರಿಸಿದೆ. ಜನರೂ ಇದ್ದಾರೆ, ಕಾನೂನೂ ಇದೆ. ಆದರೆ ಪಟ್ಟಿಯಲ್ಲಿ ಮಗುವಿನ ಹೆಸರು ಬರೆದಮೇಲೆ ನಾಳೆ ಬೆಳಗ್ಗೆ ತಾಯಿ ಏನು ಮಾಡಬೇಕೆಂದು ತೋರಿಸಿಕೊಡುವ ಶಿಕ್ಷಣವು ಆ ಜನರಿಗೆ ಸಾಲದು.

ಹಳ್ಳಿಯ ಆರೋಗ್ಯ ಕೇಂದ್ರದವರಿಗೆ ಇಂಥ ವಿದ್ಯೆ ಹತ್ತುವುದೆ ಎಂದು ಸಂಶಯಪಡುವವರಿಗೆ ನಮ್ಮ ನಾಡೇ ಉತ್ತರ ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೭೦ರ ದಶಕದಲ್ಲಿ ಸಕಲವಾರದಲ್ಲಿ ಪ್ರಯೋಗ ಮಾಡಿ, ಬಳಿಕ ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯಗಳ ವಿಷಯವಾಗಿ ಶಿಕ್ಷಣ ಕೊಟ್ಟರು. ೧೯೯೬ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಬಳ್ಳಾರಿಯಲ್ಲಿ ಆದದ್ದು ಮಧುಗಿರಿಯಲ್ಲಿ ಆಗಲಾರದೆ?

ಕಲಿಯಬೇಕಾದುದು ಬೆಟ್ಟದಷ್ಟಿಲ್ಲ. ಹುಟ್ಟಿದ ಕೂಸಿಗೆ ಕಿವಿ ಕೇಳಿಸುವುದೇ ಎಂದು ಪರೀಕ್ಷಿಸುವುದು ಮೊದಲನೆಯದು. ಹಿಮ್ಮಡಿಯ ಒಂದು ಹನಿ ರಕ್ತದಿಂದ ಥೈರಾಯ್ಡ್ ಕೊರತೆಯನ್ನು ಕಂಡುಹಿಡಿದು ಮೊದಲ ವಾರಗಳಲ್ಲೇ ಮಾತ್ರೆ ಕೊಡತೊಡಗಿದರೆ, ಆ ಕೊರತೆಯಿಂದಾಗುವ ಬುದ್ಧಿಯ ಕುಂದನ್ನು ತಪ್ಪಿಸಬಹುದು. ಇನ್ನು ಊಟದ ಕ್ರಮ. ಕೈಕಾಲು ಬಿಗಿದ ಮಗುವನ್ನು ಅಂಗಾತ ಮಲಗಿಸಿ ಒಳಲೆಯಲ್ಲಿ ರಾಗಿಸರಿ ಹುಯ್ದರೆ ಅದು ಶ್ವಾಸನಾಳಕ್ಕೆ ಇಳಿದು ಎದೆಯ ರೋಗ ತರುತ್ತದೆ. ನೆಟ್ಟಗೆ ಕೂರಿಸಿ, ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿ, ನಿಧಾನವಾಗಿ ಸ್ವಲ್ಪಸ್ವಲ್ಪವೇ ತಿನ್ನಿಸಬೇಕೆಂದು ಒಬ್ಬ ದಾದಿ ತೋರಿಸಿಕೊಟ್ಟರೆ ಎಷ್ಟೋ ಜೀವ ಉಳಿಯುತ್ತದೆ. ಬಿಗಿದ ಕೈಕಾಲನ್ನು ಬಲಾತ್ಕಾರದಿಂದ ಎಳೆಯಬಾರದೆಂಬುದನ್ನೂ, ಸ್ನಾನ ಮಾಡಿಸುವಾಗ ಬಟ್ಟೆ ತೊಡಿಸುವಾಗ ಮಗುವಿನೊಡನೆ ಮನೆಯ ಮಾತಿನಲ್ಲೇ, ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗಿನಲ್ಲೇ, ಮಾತಾಡುತ್ತಿರಬೇಕೆಂಬುದನ್ನೂ ಕಲಿಸಬೇಕು.

ಇವೆಲ್ಲಕ್ಕಿಂತ ಕಠಿನವಾದುದು ಹೇಳುವ ರೀತಿ. ಹತ್ತು ಜನರ ಮುಂದೆ, ನಿಂತ ನಿಲುವಿನಲ್ಲಿ, “ಇದು ಹೀಗೇ” ಎಂದುಬಿಟ್ಟರೆ ತಾಯಿ ಮರಳಿ ಬಾರಳು. ತಂದೆತಾಯಿಗಳಿಬ್ಬರನ್ನೂ ಕೂರಿಸಿ, ನ್ಯೂನತೆಯ ಹೆಸರು ತಿಳಿಸಿ, ಇದು ತಾಯಿಯ ಪಾಪವಲ್ಲವೆಂದು ಸ್ಪಷ್ಟಪಡಿಸಿ, ಮುಂದಿನ ಭೇಟಿಯ ದಿನವನ್ನು ಹೇಳಿ ಕಳಿಸಬೇಕು. ಒಂದು ದಿನದ ಉಪನ್ಯಾಸದಿಂದ ಇದು ಬರುವಂತಹುದಲ್ಲ. ಬಲ್ಲವರ ಎದುರಿನಲ್ಲಿ ಮಗುವನ್ನು ಎತ್ತಿ, ಕೂರಿಸಿ, ತಿನ್ನಿಸಿ ಕಲಿಯಬೇಕು. ಅಂಥ ಮಕ್ಕಳನ್ನು ಸಾಕಿದ ತಾಯಂದಿರೂ ಆ ಶಿಕ್ಷಣದಲ್ಲಿ ಗುರುಗಳಾಗಿ ಕೂರುವುದು ಉಚಿತವೆಂದು ನಮ್ಮ ಮತ.

ನಮ್ಮ ವಾಚಕರು ಮಾಡಬಹುದಾದುದೂ ಉಂಟು. ಬಂಧುಗಳ ಮನೆಯಲ್ಲಿ ಬೆಳವಣಿಗೆ ತಡವಾದ ಮಗುವಿದ್ದರೆ, “ಇನ್ನೊಂದು ವರ್ಷ ನೋಡೋಣ” ಎನ್ನದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲು ಹೇಳಿರಿ. ಆಡುತ್ತಿದ್ದ ಮಾತನ್ನು ಮಗು ಮರೆತಿದ್ದರೆ ಒಂದು ವಾರವೂ ಕಾಯಬೇಡಿರಿ. ಸಂಚಾರಿ ತಂಡವು ಊರಿಗೆ ಬರುವ ದಿನವನ್ನು ಅಂಗನವಾಡಿಯಲ್ಲಿ ವಿಚಾರಿಸಿಕೊಳ್ಳಿರಿ. ಮದುವೆ ಮುಂಜಿಗಳಿಗೆ ಆ ಮಗುವನ್ನು ಬಿಟ್ಟು ಬರುವಂತೆ ತಾಯಿಗೆ ಸೂಚಿಸದಿರಿ. ಕೇಳುವ ಜನರಿದ್ದ ಕಡೆ ಕಲಿಸುವ ಏರ್ಪಾಡು ಬೇಗ ಆಗುತ್ತದೆ. ಅಡಗಿಸಿಟ್ಟ ಮಗುವಿಗೆ ಯಾವ ವೈದ್ಯನ ವಿದ್ಯೆಯೂ ತಲಪದು.